ಕೊಡದೆ ಕೊಟ್ಟ ಮುಡಿ

ನನ್ನ ಅಕ್ಕ ಜಗಳಗಂಟಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅವಳ ಗಂಡನ ಊರಿಗೆ ಹೋಗಿ ಯಾರನ್ನಾದರೂ ಕೇಳಿ, ಅಷ್ಟು ಸಾಧು ಹೆಂಗಸು ಈ ಸುತ್ತಿನಲ್ಲೇ ಇಲ್ಲ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸಾಧುವಂತೆ, ಸಾಧು! ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರನ್ನು ಹತ್ತಿಸಿಕೊಳ್ಳದೆ ಹೊರಟ ಬಸ್ಸಿಗೆ ಅಡ್ಡ ನಿಂತು, ಡ್ರೈವರನ ಏಳು ತಲೆಮಾರನ್ನು ಜಾಲಾಡಿದವಳು ಅವಳು. ಅವಳ ಮದುವೆಯಲ್ಲಿ ಫೋಟೋದವನು ಸ್ವಲ್ಪ ತಲೆ ಬಗ್ಗಿಸಮ್ಮ, ನಾಚಿಕೊಂಡ ಹಾಗೆ ಇರಲಿ ಅಂದ. ಕತ್ತು ನೋಯ್ತದೆ, ಹಿಂಗೇ ತೆಗೀರಿ ಅಂದುಬಿಟ್ಟಳು. ಛತ್ರಕ್ಕೆ ಛತ್ರವೇ ನಕ್ಕಿತ್ತು. ಆ ಫೋಟೋದಲ್ಲಿ ನಮ್ಮ ಭಾವನೇ ನಾಚಿಕೊಂಡ ಹಾಗೆ ಕಾಣುತ್ತಾರೆ.

ಜಗಳದ ಜೊತೆಗೆ ಅವಳಿಗೆ ಇನ್ನೊಂದು ಹೆಮ್ಮೆ ಇತ್ತು, ಕೂದಲು. ಸೊಂಟ ದಾಟಿದ ಜಡೆ. ಚಿಕ್ಕಂದಿನಿಂದಲೂ ಅಮ್ಮನ ಕೈಗೆ ಕೊಟ್ಟವಳಲ್ಲ, ತಾನೇ ಬಾಚಿ ತಾನೇ ಹೆಣೆದುಕೊಳ್ಳಬೇಕು. ಯಾವಾಗಲೂ ಜಡೆಯನ್ನು ಎದೆಯ ಮೇಲೆ ಹಾಕಿಕೊಂಡಿರುತ್ತಿದ್ದಳು. ಮಾತು ಜೋರಾಗುವ ಮೊದಲು ಅದನ್ನು ಎತ್ತಿ ಬೆನ್ನ ಹಿಂದಕ್ಕೆ ಎಸೆಯುತ್ತಿದ್ದಳು. ಜಡೆ ಹಿಂದಕ್ಕೆ ಹೋಯಿತು ಅಂದರೆ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಿದ್ದೆವು.

ಹುಣಸೂರು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಗೆ ಅವಳನ್ನು ಕೊಟ್ಟಿದ್ದೆವು. ಹಸಿ ಎಲೆ ಕುಯ್ದು ತಂದು ಕಡ್ಡಿಗೆ ಕಟ್ಟಿ ಒಣಗಿಸುವ ಕಾಲದಲ್ಲಿ ಚಪ್ಪರದಡಿ ಹತ್ತಾರು ಹೆಂಗಸರು ಕೂರುತ್ತಿದ್ದರು, ನಡುವೆ ಅಕ್ಕ. ಕೈ ಅಂಟು ಅಂಟಾಗಿ ಕಪ್ಪಾಗಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಅವಳ ಅತ್ತೆ ದೈವಭಕ್ತೆ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ತಲೆನೋವು ಬಂದರೂ ನಂಜನಗೂಡಿನ ನಂಜುಂಡನಿಗೆ ಹರಕೆ ಹೊರುವವರು. ನೀನೂ ಒಂದು ಮುಡಿ ಹರಸಿಕೊ, ಮಡಿಲು ತುಂಬುತ್ತದೆ ಅಂತ ಅತ್ತೆ ಒಮ್ಮೆ ಹೇಳಿದಾಗ ಅಕ್ಕ, "ಅವ್ನ ತಲೇಲೇ ಬೇಕಾದಷ್ಟು ಜಡೆ ಅದೆ, ನಂದು ಯಾಕತ್ತೆ ಅವ್ನಿಗೆ?" ಅಂದಿದ್ದಳು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡು ದೇವರಲ್ಲಿ ತಪ್ಪಾಯಿತು ಅಂದರಂತೆ. ಇದನ್ನು ಅತ್ತೆಯೇ ನಗುತ್ತಾ ನಮ್ಮ ಮನೆಯಲ್ಲಿ ಹೇಳಿದ್ದರು. ಅವರಿಗೆ ಸೊಸೆಯ ಮೇಲೆ ಪ್ರೀತಿ ಇರಲಿಲ್ಲ ಅಂತ ನಾನು ಎಂದೂ ಹೇಳಲಾರೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿದ್ದೆ. ಭಾವನ ಮೊಪೆಡ್ಡಿನ ಹಿಂದೆ ಕೂತು ನಮ್ಮೂರಿಂದ ಹೊರಟ ಅಕ್ಕನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ರಸ್ತೆಗೆ ತಲೆ ಬಡಿಯಿತು. ಮೈಸೂರಿನ ಆಸ್ಪತ್ರೆಗೆ ನಾವು ಹೋಗುವಷ್ಟರಲ್ಲಿ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಆಪರೇಷನ್ ಮಾಡಬೇಕು ಅಂತ ಕೂದಲು ಬೋಳಿಸಿಯಾಗಿತ್ತು. ನರ್ಸು ಅದನ್ನು ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ ಅಮ್ಮನ ಕೈಗೆ ಕೊಟ್ಟಳು. ಅದನ್ನು ಏನು ಮಾಡಬೇಕು ಅಂತ ತಿಳಿಯದೆ ಅಮ್ಮ ಮಡಿಲಲ್ಲಿಟ್ಟುಕೊಂಡು ವರಾಂಡದಲ್ಲಿ ಕೂತಿದ್ದಳು. ಊಟದ ಡಬ್ಬಿ ಇಡುವ ಬ್ಯಾಗಿನಲ್ಲೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

ಜೀವ ಉಳಿಯಿತು. ಆದರೆ ಮನೆಗೆ ಬಂದವಳು ಯಾರು ಅಂತ ನನಗೆ ತಿಳಿಯದಾಯಿತು. ಎಡಗೈ ಎಡಗಾಲು ಸೋತಿದ್ದವು. ಮಾತು ತಡವಾಗಿ, ಹುಡುಕಿ ಹುಡುಕಿ ಬರುತ್ತಿತ್ತು. ಹಳೆಯದರಲ್ಲಿ ಕೆಲವು ನೆನಪಿದ್ದವು, ಕೆಲವು ಪೂರ್ತಿ ಅಳಿಸಿಹೋಗಿದ್ದವು. ಅಮ್ಮ ಅಪ್ಪನನ್ನು ಬಿಟ್ಟು ಬಂದು ಇರುವಂತಿರಲಿಲ್ಲವಾದ್ದರಿಂದ ಅಕ್ಕನನ್ನು ನೋಡಿಕೊಳ್ಳಲು ತಂಗಿ ನಾನೇ ಅವಳ ಮನೆಯಲ್ಲಿ ಉಳಿದೆ. ಅನ್ನದ ತಟ್ಟೆ ಮುಂದೆ ಇಟ್ಟರೆ ನನ್ನ ಮುಖ ನೋಡಿ, ನನಗೆ ಬದನೇಕಾಯಿ ಇಷ್ಟ ಇತ್ತಾ ಅಂತ ಕೇಳುತ್ತಿದ್ದಳು. ಇಷ್ಟ ಇರಲಿಲ್ಲ ಅಂತ ನಾನು ಅನ್ನುವಷ್ಟರಲ್ಲಿ ಅತ್ತೆ, ನೀನು ಏನು ಹಾಕಿದರೂ ಸುಮ್ಮನೆ ಉಣ್ಣುತ್ತಿದ್ದೆ ಕಣವ್ವ ಅನ್ನುತ್ತಿದ್ದರು. ಅವಳು ತಲೆಯಾಡಿಸಿ ಉಣ್ಣುತ್ತಿದ್ದಳು. ಮೊದಲು ನಾನು ಹೇಗಿದ್ದೆ ಅಂತ ಅವಳು ಕೇಳಿದಾಗಲೆಲ್ಲ ಆ ಮನೆಯವರು ತಮಗೆ ಬೇಕಾದ ಸೊಸೆಯನ್ನು, ಬೇಕಾದ ಹೆಂಡತಿಯನ್ನು ಹೇಳಿಕೊಡುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ನೊಂದವಳಿಗೆ ನೀನು ಜಗಳಗಂಟಿ ಆಗಿದ್ದೆ ಅಂತ ಯಾರು ಹೇಳುತ್ತಾರೆ?

ತಿಂಗಳಿಗೊಮ್ಮೆ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರಿದ್ದರು, ನನ್ನಷ್ಟೇ ವಯಸ್ಸು. ಅವರು ಭಾವನಿಗೂ ಅತ್ತೆಗೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಯಾವ ಸೀರೆ ಬೇಕು ಅಂತ ಅವರನ್ನೇ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಅವರು ಬೇಡ ಅಂದರೆ ಬೇಡ. ಬೇಕು ಬೇಡ ಅನ್ನುವುದು ಬಂದರೆ ಮನುಷ್ಯರು ವಾಪಸು ಬಂದ ಹಾಗೆ. ಅತ್ತೆ ಹೂಂ ಹೂಂ ಅಂದು ತಲೆಯಾಡಿಸಿ, ಬಸ್ಸಿನಲ್ಲಿ ಬರುವಾಗ, ಆ ಕೂಸಿಗೇನು ಗೊತ್ತು ಸಂಸಾರ ಅನ್ನುತ್ತಿದ್ದರು.

ಆ ವರ್ಷದ ಗೌರಿ ಹಬ್ಬದಲ್ಲಿ ಆ ಸುಳ್ಳು ಹುಟ್ಟಿತು. ಅಕ್ಕನನ್ನು ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದ್ದೆವು. ತಲೆಯ ಮೇಲೆ ಸೆರಗು ಹೊದಿಸಿದ್ದೆ, ಜಾರಿಬಿತ್ತು. ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಬೀದಿಯ ಮುದುಕಿ ಹೊಸಿಲ ಹತ್ತಿರವೇ ನಿಂತುಬಿಟ್ಟಳು. ಮುತ್ತೈದೆಯ ಬೋಳು ತಲೆ, ಹಬ್ಬದ ದಿನ. ತಟ್ಟೆ ಹಿಡಿದ ಕೈ ಮುಂದಕ್ಕೆ ಬರಲಿಲ್ಲ. ಆಗ ಅತ್ತೆ ಒಳಗಿಂದ ಬಂದವರು ಒಂದು ಕ್ಷಣವೂ ಯೋಚಿಸದೆ ಹೇಳಿದರು: "ನಂಜುಂಡಂಗೆ ಮುಡಿ ಕೊಟ್ಟವ್ಳೆ ಕಣವ್ವ. ಜೀವ ಉಳಿಸ್ಕೊಟ್ನಲ್ಲ, ಅದ್ಕೆ."

ಮುದುಕಿಯ ಮುಖ ಅರಳಿತು. ಅಕ್ಕನ ಹಣೆಗೆ ಕುಂಕುಮ ಇಟ್ಟು, ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಹೊತ್ತಿಗೆ ಅತ್ತೆಗೆ ಕೈಮುಗಿಯಬೇಕು ಅನಿಸಿದ್ದು ಸುಳ್ಳಲ್ಲ. ಅಪಶಕುನ ಅನ್ನಿಸಿಕೊಳ್ಳಬೇಕಾದವಳನ್ನು ಒಂದೇ ಮಾತಿನಲ್ಲಿ ಪುಣ್ಯವಂತೆ ಮಾಡಿದ್ದರು.

ಆದರೆ ಮಾತು ಊರೆಲ್ಲ ಸುತ್ತಿ ಅಕ್ಕನ ಕಿವಿಗೇ ವಾಪಸು ಬಂತು. ಮುಡಿ ಕೊಟ್ಟ ಪುಣ್ಯಾತ್ಗಿತ್ತಿ ಅಂತ ಬಂದವರೆಲ್ಲ ಹೇಳುವವರೇ. ಅಕ್ಕ ಸುಮ್ಮನೆ ಕೇಳುತ್ತಿದ್ದಳು, ಒಂದೊಂದು ಸಲ ನಗುತ್ತಿದ್ದಳು. ದೇವರ ತಲೆಯ ಜಡೆಯ ಬಗ್ಗೆ ತಮಾಷೆ ಮಾಡಿದವಳು ಎಲ್ಲಿಗೆ ಹೋದಳು ಅಂತ ನಾನು ಅವಳ ಮುಖದಲ್ಲಿ ಹುಡುಕುತ್ತಿದ್ದೆ. ಆಪರೇಷನ್ನಿಗೆ ಬೋಳಿಸಿದ್ದು ಅಂತ ಹೇಳಿಬಿಡಲೇ ಅನಿಸುತ್ತಿತ್ತು. ಹೇಳಿದರೆ ಈ ಕುಂಕುಮವೂ ತಪ್ಪುತ್ತದೆ, ಬೇಡ ಅಂತ ಅಮ್ಮ ಹೇಳಿ ಕಳಿಸಿದ್ದಳು.

ಕೂದಲು ಚಿಗುರತೊಡಗಿದಾಗ ಆಸ್ಪತ್ರೆಯ ಮೇಡಂ ಒಂದು ಕೆಲಸ ಕೊಟ್ಟರು. ಮೊದಲು ಇಷ್ಟಪಟ್ಟು ಏನು ಮಾಡುತ್ತಿದ್ದರು ಅಂತ ನನ್ನನ್ನು ಕೇಳಿದರು. ಜಡೆ ಹೆಣೆದುಕೊಳ್ಳುತ್ತಿದ್ದಳು, ಮತ್ತೆ ಜಗಳ ಅಂದೆ. ಅವರು ನಕ್ಕು, ಹಾಗಾದರೆ ಜಡೆಯಿಂದ ಶುರು ಮಾಡೋಣ, ಅದಕ್ಕೆ ಎರಡೂ ಕೈ ಬೇಕಲ್ಲ ಅಂದರು. ಹೊಗೆಸೊಪ್ಪು ಕಟ್ಟುವ ದಾರ ಮನೆಯಲ್ಲಿ ಬೇಕಾದಷ್ಟಿತ್ತು. ಮೂರು ಕಟ್ಟು ದಾರವನ್ನು ಕಿಟಕಿಯ ಸರಳಿಗೆ ಗಂಟು ಹಾಕಿ ಅವಳ ಮುಂದೆ ಇಳಿಬಿಟ್ಟೆ. ಎಡಗೈ ದಾರ ಹಿಡಿಯುತ್ತಲೇ ಇರಲಿಲ್ಲ, ಹಿಡಿದಿದ್ದು ಯಾವಾಗ ಬಿಟ್ಟುಹೋಯಿತು ಅಂತಲೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಎಳೆ ಕೈಯಲ್ಲಿ, ಎರಡು ಎಳೆ ನೇತಾಡುತ್ತಾ ಇರುತ್ತಿದ್ದವು. ಬೆವೆತುಹೋಗುತ್ತಿದ್ದಳು. ನನಗೆ ಕಿತ್ತುಕೊಂಡು ನಾನೇ ಹೆಣೆದುಬಿಡಬೇಕು ಅನಿಸುತ್ತಿತ್ತು. ಕೈ ಕಟ್ಟಿಕೊಂಡು ಕೂತಿರುವುದು ಎಂಥ ಕಷ್ಟದ ಕೆಲಸ ಅಂತ ಆಗ ಗೊತ್ತಾಯಿತು.

ಎರಡು ಚಳಿಗಾಲ ಕಳೆದು, ಎರಡು ಬೇಸಿಗೆ ಕಳೆದು, ಮತ್ತೆ ಎಲೆ ಕುಯ್ಯುವ ಕಾಲ ಬಂದಾಗ ದಾರದ ಜಡೆ ಬಿಗಿಯಾಗಿತ್ತು. ಕೂದಲು ಭುಜ ಮುಟ್ಟಿತ್ತು. ಮೊದಮೊದಲು ಬಲಗಡೆ ಮಾತ್ರ ಬಾಚಿಕೊಳ್ಳುತ್ತಿದ್ದಳು, ಎಡಗಡೆಯ ತಲೆ ಅನ್ನುವುದೊಂದು ಇದೆ ಅಂತ ನಾನು ಮುಟ್ಟಿ ನೆನಪಿಸಬೇಕಿತ್ತು. ಒಂದು ಬೆಳಿಗ್ಗೆ ನಾನು ಸೀಗೆಕಾಯಿ ಹಾಕಿ ತಲೆ ಎರೆದು ಜಗಲಿಯ ಬಿಸಿಲಿನಲ್ಲಿ ಕೂರಿಸಿ ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಜಡೆ ಹಾಕಿಕೊಂಡಿದ್ದಳು. ಗಿಡ್ಡ ಜಡೆ, ಸೊಟ್ಟ ಜಡೆ, ಒಂದು ಕಿವಿಯ ಹತ್ತಿರ ಕೂದಲು ಕೆದರಿಕೊಂಡೇ ಇತ್ತು. ಅತ್ತೆ ಬಾಚಣಿಗೆ ಹಿಡಿದು ಸರಿಮಾಡಲು ಹೋದರು. ಅಕ್ಕ ಎದೆಯ ಮೇಲಿದ್ದ ಆ ಪುಟ್ಟ ಜಡೆಯನ್ನು ಎತ್ತಿ ಹಿಂದಕ್ಕೆ ಎಸೆದು, "ಬುಡಿ ಅತ್ತೆ. ನಾನೇ ಹಾಕ್ಕತೀನಿ" ಅಂದಳು.

ನಾನು ಹಿತ್ತಲಿಗೆ ಓಡಿಹೋಗಿ ಗೋಡೆಗೆ ಒರಗಿ ಅತ್ತುಬಿಟ್ಟೆ. ಖುಷಿಗೆ ಅಳುವುದು ಅಂತಾರಲ್ಲ, ಅದು.

ಅಲ್ಲಿಂದ ಮಾತೂ ಬರತೊಡಗಿತು. ಬದನೇಕಾಯಿ ತಟ್ಟೆಯ ಅಂಚಿಗೆ ಸರಿಯಿತು. ಚಪ್ಪರದಡಿ ಕೂತು ಬಲಗೈಯಲ್ಲಿ ಎಲೆ ಎತ್ತಿ ಎತ್ತಿ ಕೊಡುತ್ತಾ, ಸಡಿಲವಾಗಿ ಕಟ್ಟಿದವರನ್ನು ಗದರಿದಳು. ಆಗ ನೋಡಿದೆ, ಯಾರ ಮುಖದಲ್ಲೂ ನನಗಿದ್ದ ಸಂತೋಷ ಇರಲಿಲ್ಲ. ಪೆಟ್ಟು ಬಿದ್ದ ಮೇಲೆ ಎಷ್ಟು ಸಾಧುವಾಗಿದ್ದಳು, ಮತ್ತೆ ಶುರುವಾಯಿತಲ್ಲ ಅಂತ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಭಾವ ಒಳ್ಳೆಯವರೇ. ಅವರೂ ನನ್ನ ಹತ್ತಿರ, ಈ ಎರಡು ವರ್ಷ ಮನೆ ತಣ್ಣಗಿತ್ತು ಅಂದರು. ತಣ್ಣಗಿತ್ತಂತೆ! ಹೆಂಡತಿ ಅರ್ಧ ಸತ್ತಿದ್ದರೆ ಮನೆ ತಣ್ಣಗಿರದೆ ಇನ್ನೇನಾಗುತ್ತದೆ? ಹಾಗೆ ಬಾಯಿಬಿಟ್ಟು ಹೇಳಲು ನಾನು ಅಕ್ಕ ಅಲ್ಲವಲ್ಲ, ನುಂಗಿಕೊಂಡೆ.

ಅದಾದ ಸ್ವಲ್ಪ ದಿನಕ್ಕೆ ಅಂಗಳದಲ್ಲಿ ನಿಂತಿದ್ದವಳು ಹಾಗೇ ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮತ್ತೆ ಕರೆದುಕೊಂಡು ಹೋದಾಗಲೂ ಹೆದರಬೇಡಿ ಅಂತ ಮಾತ್ರೆ ಜಾಸ್ತಿ ಮಾಡಿದರು. ಆದರೆ ಅತ್ತೆಯ ಎದೆಯಲ್ಲಿ ಕೂತಿದ್ದ ಹೆದರಿಕೆಗೆ ಡಾಕ್ಟರ ಹತ್ತಿರ ಮಾತ್ರೆ ಇರಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ನನ್ನ ಕೈ ಹಿಡಿದುಕೊಂಡು ಹೇಳಿದರು: "ಕೊಡ್ದೇ ಇರೋ ಮುಡಿಯ ಕೊಟ್ಟೀವಿ ಅಂದೆನಲ್ಲ ಮಗ, ದೇವ್ರು ಸುಮ್ಕಿದ್ದಾನಾ? ನನ್ ಬಾಯಿ ಸುಳ್ಳಿಗೆ ಅವ್ಳಿಗೆ ಹಿಂಗಾಯ್ತು."

ಮುಡಿ ಕೊಟ್ಟೆವು ಅಂತ ಊರ ಮುಂದೆ ಹೇಳಿಯಾಗಿದೆ, ಇನ್ನು ಅದನ್ನು ನಿಜ ಮಾಡಬೇಕು. ಅತ್ತೆಯ ಲೆಕ್ಕದಲ್ಲಿ ಬೇರೆ ದಾರಿ ಇರಲಿಲ್ಲ. ನಾನು ಬೇಕಾದಷ್ಟು ಹೇಳಿದೆ. ಇದು ಮಿದುಳಿನ ಗಾಯದಿಂದ ಬಂದದ್ದು ಅಂದೆ. ಸುಳ್ಳು ಹೇಳಿದವರು ನೀವು, ನಿಮ್ಮ ಮುಡಿಯನ್ನೇ ಕೊಡಿ ಅಂತಲೂ ಅಂದುಬಿಟ್ಟೆ. ಅತ್ತೆ ಸಿಟ್ಟಾಗಲಿಲ್ಲ. ನಾನೂ ಕೊಡುತ್ತಿದ್ದೆ ಕಣವ್ವ, ಹೇಳಿದ್ದು ಅವಳ ಹೆಸರಿನಲ್ಲಲ್ಲವಾ ಅಂತ ಕಣ್ಣೊರೆಸಿಕೊಂಡರು. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಆಸ್ಪತ್ರೆಯಲ್ಲಿ ತೆಗೆದ ಕೂದಲು, ಅಮ್ಮ ಮಡಿಲಲ್ಲಿಟ್ಟುಕೊಂಡಿದ್ದ ಆ ಕವರು! ಅದೂ ಅವಳ ಕೂದಲೇ ತಾನೇ, ಅದನ್ನೇ ಹೊಳೆಗೆ ಬಿಟ್ಟು ಕೈಮುಗಿದು ಬರೋಣ. ಊರಿಗೆ ಓಡಿಹೋಗಿ ಅಮ್ಮನನ್ನು ಕೇಳಿದೆ. ಕತ್ತರಿಸಿದ ಕೂದಲು ಮನೆಯಲ್ಲಿರಬಾರದು ಅಂತ ಆಗಲೇ ಚುಂಚನಕಟ್ಟೆಯಲ್ಲಿ ಕಾವೇರಿಗೆ ಹಾಕಿ ಬಂದೆ ಅಂದಳು ಅಮ್ಮ.

ಅಮ್ಮನಾದರೂ ಬಂದು ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದಳು: "ಅವ್ಳು ಆ ಮನೇಲಿ ಬಾಳ್ಬೇಕಾದೋಳು. ಮಕ್ಳಿಲ್ಲ ಮರಿಯಿಲ್ಲ. ನಾಳೆ ಕರ್ಕೊಂಡ್ ಬಂದು ಇಲ್ಲಿ ಬುಟ್ಟು ಹೋದ್ರೆ ಏನ್ ಮಾಡ್ತೀಯಾ?" ಕೆಲಸವಿಲ್ಲದ, ಮದುವೆಯಾಗದ ನಾನು ಏನು ಮಾಡುತ್ತಿದ್ದೆ? ಕೂದಲು ತಾನೇ, ಮತ್ತೆ ಬರುತ್ತದೆ ಅಂತಲೂ ಅಮ್ಮ ಸೇರಿಸಿದಳು. ಆಸ್ಪತ್ರೆಯ ಮೇಡಂ ಮಾತ್ರ ಭಾವನಿಗೆ, ಅವರನ್ನು ಕೇಳಿ, ಅವರೇ ಹೇಳಲಿ ಅಂದರು. ಭಾವ ಕೇಳಿದರು, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅಕ್ಕನಿಗೆ ಮಾತು ಜೋಡಿಸಲು ಹೊತ್ತು ಬೇಕು ಅಂತ ಗೊತ್ತಿದ್ದೂ ಅವರು ಕಾಯಲಿಲ್ಲ. ಏನೂ ಅನ್ನಲಿಲ್ಲ ಅಂದಮೇಲೆ ಒಪ್ಪಿದಳು ಅಂತ ಎದ್ದುಹೋದರು.

ಸೋಮವಾರ ಬೆಳಿಗ್ಗೆ ನಂಜನಗೂಡಿನ ಹೊಳೆಯ ಮೆಟ್ಟಿಲ ಮೇಲೆ ನಾವು ಐದು ಜನ ಇದ್ದೆವು. ಅಕ್ಕ, ಭಾವ, ಅತ್ತೆ, ಅಮ್ಮ, ನಾನು. ಹೊರಡುವ ಮುಂಚೆ ಅಕ್ಕ ತಾನೇ ಕೂತು ಜಡೆ ಹಾಕಿಕೊಂಡಿದ್ದಳು. ಅದುವರೆಗೆ ಹಾಕಿದ್ದರಲ್ಲೆಲ್ಲ ಅದೇ ನೆಟ್ಟಗಿತ್ತು. ಮುಡಿ ತೆಗೆಯುವವನು ವಯಸ್ಸಾದವನು, ಮೃದು ಮಾತಿನವನು. ಅವಳನ್ನು ಹೊಳೆಯ ಕಡೆ ಮುಖ ಮಾಡಿ ಕೂರಿಸಿ, ತಾಯಿ, ಪೂರ್ತಿ ಕೊಡುತ್ತೀರಾ, ಮೂರು ಮುಡಿಯಾ ಅಂತ ಅವಳನ್ನೇ ಕೇಳಿದ. ಹೆಂಗಸರು ಮೂರು ಎಳೆ ಕತ್ತರಿಸಿ ಕೊಟ್ಟರೂ ನಡೆಯುತ್ತದೆ. ಮೂರು ಸಾಕು, ಮೂರು ಸಾಕು ಅಂತ ನಾನು ಬಾಯಿ ಹಾಕಿದೆ. ಅತ್ತೆ ತಲೆಯಾಡಿಸಿ, ಪೂರ್ತಿ ಅಂತ ಹೇಳಿಬಿಟ್ಟಿದ್ದೀವಲ್ಲ ಮಗ ಅಂದರು.

ಅವನು ಕೈಯಲ್ಲಿ ನೀರು ತೆಗೆದುಕೊಂಡ. ಅಕ್ಕ ಎದೆಯ ಮೇಲಿದ್ದ ಜಡೆಯನ್ನು ಹಿಡಿದು, ಹಿಂದಕ್ಕೆ ಎಸೆದಳು.

"ಬ್ಯಾಡ" ಅಂದಳು.

ಅವನ ಕೈ ನಿಂತಿತು. ಅಕ್ಕ ಇನ್ನೂ ಹುಡುಕಿ, ಪೂರ್ತಿ ಮಾಡಿ ಹೇಳಿದಳು: "ನಂಗೆ ಬ್ಯಾಡ ಇದು."

ಎರಡು ಸಲ, ಸ್ಪಷ್ಟವಾಗಿ. ಆ ಮೇಡಂ ಅಲ್ಲಿದ್ದಿದ್ದರೆ ಕುಣಿದುಬಿಡುತ್ತಿದ್ದರು. ನಾವೆಲ್ಲ ಎರಡು ವರ್ಷದಿಂದ ಇದಕ್ಕೇ ಕಾದಿರಲಿಲ್ಲವೇ? ಭಾವ ಅವನಿಗೆ ಕಾಣುವ ಹಾಗೆ ತಮ್ಮ ಹಣೆಯ ಪಕ್ಕಕ್ಕೆ ಬೆರಳು ತಟ್ಟಿ ತೋರಿಸಿದರು. ತಲೆಗೆ ಪೆಟ್ಟಾಗಿದೆ, ಏನೋ ಅಂತಾಳೆ ಅಂತ. ಅವನು ಆದರೂ ಅನುಮಾನಿಸಿ ನನ್ನ ಮುಖ ನೋಡಿದ. ಅವಳು ಸರಿಯಾಗೇ ಹೇಳುತ್ತಿದ್ದಾಳೆ, ಬೇಡ ಅಂದರೆ ಬೇಡ ಅಂತ ನಾನು ಕೂಗಿದೆ. ಅಮ್ಮ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಕೊಸರಿಕೊಂಡರೂ ಹಿಡಿತ ಸಡಿಲಿಸಲಿಲ್ಲ. ಸುತ್ತ ಜನ ತಿರುಗಿ ನೋಡಿದರು. ಅತ್ತೆ ಮೆಟ್ಟಿಲ ಮೇಲೆ ಕುಸಿದು ಅಕ್ಕನ ಗಲ್ಲ ಹಿಡಿದು ಅಳತೊಡಗಿದರು. "ನಿನ್ ಜೀವ ಉಳೀಲಿ ಅಂತ ಕಣವ್ವ, ಬ್ಯಾರೆ ಯಾಕೂ ಅಲ್ಲ" ಅಂದರು. ಅದು ನಟನೆಯಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಕ್ಕ ಅಳುತ್ತಿದ್ದ ಅತ್ತೆಯನ್ನು ನೋಡಿದಳು, ಭಾವನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಅಮ್ಮನ ಕೈಯಲ್ಲಿ ಸಿಕ್ಕಿಕೊಂಡು ನಿಂತಿದ್ದೆ. ಅವಳು ತಲೆ ಬಗ್ಗಿಸಿದಳು.

ಮುಡಿ ಕೊಟ್ಟು, ಹೊಳೆಯಲ್ಲಿ ಮುಳುಗಿಸಿ, ತಲೆಗೆ ಗಂಧ ಹಚ್ಚಿ, ಪೂಜೆ ಮಾಡಿಸಿಕೊಂಡು ಬಸ್ಸು ಹತ್ತಿದೆವು. ಅತ್ತೆಯ ಮುಖ ಹಗುರವಾಗಿತ್ತು. ಅಕ್ಕ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಮೈಸೂರಿನಲ್ಲಿ ಇಳಿದು ಹುಣಸೂರಿನ ಬಸ್ಸಿಗೆ ಬದಲಾಯಿಸಿ ಕೂತ ಮೇಲೆ ಅವಳು ನನ್ನ ಕಡೆ ವಾಲಿ, ಮೆಲ್ಲಗೆ, "ಆಸ್ಪತ್ರೇಲಿ ಬೋಳಿಸಿದ್ರಲ್ಲ ಅಮ್ಮಿ, ಅದು ನಂಗೊತ್ತು" ಅಂದಳು.

ಯಾವಾಗಿಂದ ಗೊತ್ತು ಅಂತ ಕೇಳಿದೆ. ಗೌರಿ ಹಬ್ಬದಿಂದಲೂ ಗೊತ್ತಿತ್ತಂತೆ. ಎಲ್ಲರೂ ಹೇಳುತ್ತಿದ್ದಿರಿ, ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸುಮ್ಮನಿದ್ದೆ ಅಂದಳು. ಆಮೇಲೆ ತುಂಬ ಹೊತ್ತು ಮಾತು ಹುಡುಕಿದಳು. ಬಸ್ಸು ಊರು ದಾಟಿ ಹೊಲಗಳ ನಡುವೆ ಬಂದಿತ್ತು. ನಾನು ಕಾದೆ.

"ಅವತ್ತು ನಂಗೆ ಗ್ಯಾನ ಇರ್ನಿಲ್ಲ, ಬುಡು" ಅಂದಳು. "ಇವತ್ತು ಇತ್ತಲ್ಲ."

ಅಮ್ಮ ಹೇಳಿದ ಹಾಗೆ ಕೂದಲು ಮತ್ತೆ ಬಂತು. ಮಾತ್ರೆಯಿಂದಲೋ ಮುಡಿಯಿಂದಲೋ, ಫಿಟ್ಸ್ ಮತ್ತೆ ಬರಲಿಲ್ಲ. ಅತ್ತೆ ಬದುಕಿರುವವರೆಗೂ ದಿನಾ ಬೆಳಿಗ್ಗೆ ತಾವೇ ಕೂರಿಸಿಕೊಂಡು ಸೊಸೆಗೆ ಜಡೆ ಹಾಕಿದರು. ಅಕ್ಕ ಈಗ ಬದನೇಕಾಯಿ ಉಣ್ಣುತ್ತಾಳೆ. ನಾನು ಹೋದರೆ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂರುತ್ತಾಳೆ. ನೀನೇ ಹಾಕ್ಕೊ ಅಕ್ಕ, ನಿನಗೆ ಬರುತ್ತದೆ ಅಂತ ನಾನು ಪ್ರತಿ ಸಲವೂ ಹೇಳುತ್ತೇನೆ. "ನಂಗೆಲ್ಲಿ ಬತ್ತದೆ ಕಣಮ್ಮಿ" ಅನ್ನುತ್ತಾಳೆ. ಉತ್ತರ ಬದಲಾಗಬಹುದೇನೋ ಅಂತ ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಜಡೆ ಹಾಕುತ್ತೇನೆ.